ಗೆಜ್ಜೆ ಕಟ್ಟಿದ ಐದು ದಿನ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ನಾವು ಕೆಲವು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಬರೆದು ತಿಳಿಸಿದಾಗ, ಅವರ ಮನಸ್ಸಿನಲ್ಲಿ ಇದ್ದುದು ಪ್ರಾಯಶಃ ‘ಗಡಿನಾಡಿನಲ್ಲಿ ಕನ್ನಡದ ಸ್ಥಿತಿಗತಿ’ ಎಂಬ ವಿಷಯವೇ ಇರಬೇಕು. 1956ರ ನವಂಬರ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿದಂದಿನಿಂದ ಆ ವಿಷಯವಾಗಿ ಈ ನಾಡಿನಲ್ಲಿ ನಡೆದ ಭಾಷಣಗಳನ್ನೆಲ್ಲ ಒಂದೆಡೆ ಪೇರಿಸಿದರೆ ಚಂದ್ರಗಿರಿ ಹೊಳೆಗೆ ಒಂದು ಗಟ್ಟಿಯಾದ ಕಟ್ಟವನ್ನೇ ಕಟ್ಟಬಹುದು. ಅದಕ್ಕೆ ಇನ್ನೊಂದು ಬುಟ್ಟಿ ಮಣ್ಣನ್ನು ಹೊತ್ತು ಹಾಕುವ ಅಪೇಕ್ಷೆ ನಮಗಿಲ್ಲ. ಕಳೆದ ಮೇ ತಿಂಗಳ ಕೊನೆಯಲ್ಲಿ, ನಮ್ಮ ಈ ವಯಸ್ಸಿನಲ್ಲಿ, ಒಂದು ಯಕ್ಷಗಾನ ನಾಟ್ಯ ಶಿಬಿರಕ್ಕೆ ಸೇರಿ ಐದು ದಿನ ಕುಣಿದು ಬಂದೆವು, ಅದನ್ನೇ ಹೇಳುತ್ತೇವೆ. ನಗಬೇಕಾದ ಕಡೆಗಳಲ್ಲಿ ತಾವು ಧಾರಾಳವಾಗಿ ನಗಬಹುದು. ಅಲ್ಲಿ ನಮ್ಮನ್ನು ಯಾರೂ ನಗಲಿಲ್ಲವೆಂಬುದೇ ಈ ಭಾಷಣಕ್ಕೆ ಒಂದು ಕಾರಣ.

ಶಿಬಿರಕ್ಕೆ ಹೋಗುವಂತೆ ಮಾಡಿದವನು ನಮ್ಮ ಎಂಟನೆಯ ತರಗತಿಯ ಒಬ್ಬ ಹುಡುಗ. ಯಕ್ಷಗಾನ ಪ್ರಸಂಗವೊಂದರ ಕೆಲವು ಪದಗಳನ್ನು ಪಾಠ ಮಾಡುತ್ತಿದ್ದೆವು. ರಾಗತಾಳಗಳ ಹೆಸರು ಹೇಳಿ, ಕಠಿಣ ಪದಗಳಿಗೆ ಅರ್ಥ ಬರೆಸಿ, ಮಾತ್ರೆಗಳನ್ನು ಎಣಿಸಿ, ಲಘುಗುರುಗಳ ಗುರುತನ್ನು ಕರಿಹಲಗೆಯ ತುಂಬ ಹಾಕಿ ತೃಪ್ತಿಯಿಂದ ತಿರುಗಿ ನೋಡುವಾಗ, ಆ ಹುಡುಗ ಎದ್ದು ನಿಂತು, “ಟೀಚರ್, ಈ ಪದಕ್ಕೆ ಆಟದಲ್ಲಿ ಹೇಗೆ ಕುಣಿಯುವುದು?” ಎಂದು ಕೇಳಿದ. ತರಗತಿಯಲ್ಲಿ ಕೈಬೆರಳಲ್ಲಿ ಎಣಿಸಬಹುದಾದಷ್ಟೇ ಮಕ್ಕಳು. ಎಲ್ಲರ ಕಣ್ಣೂ ನಮ್ಮ ಮೇಲೆ. “ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ” ಎಂದೆವು. ಹುಡುಗ ಕೂತ. ಪರೀಕ್ಷೆ ಮುಗಿದ ಮೇಲೆ ಅವನ ತಾಯಿ ಬಂದು, ಅವನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದಾಗಿ ಹೇಳಿ ವರ್ಗಾವಣೆ ಪತ್ರವನ್ನು ಕೇಳಿಕೊಂಡು ಹೋದರು. ನಮ್ಮ ಆ ಒಂದು ಉತ್ತರದಿಂದಲೇ ಹೀಗಾಯಿತೆಂದು ಹೇಳುವಷ್ಟು ಅಹಂಕಾರ ನಮಗಿಲ್ಲ. ಅದಕ್ಕೆ ಸಾವಿರ ಕಾರಣಗಳುಂಟು. ಆದರೆ ಆ ಪತ್ರದ ವಿಷಯ ಬಂದಾಗ ನಮಗೆ ಆ ಪ್ರಶ್ನೆಯೇ ಮತ್ತೆ ಕೇಳಿಸಿತು. ಹೆಸರಿನ ಮುಂದೆ ‘ವಿದ್ವಾನ್’ ಎಂದು ಬರೆದುಕೊಳ್ಳುವವರು ನಾವು. ಕುಂಬಳೆಯ ಸೀಮೆಯಲ್ಲಿ ಕುಳಿತು, ಒಂದು ಯಕ್ಷಗಾನದ ಪದಕ್ಕೆ ನಾಲ್ಕು ಹೆಜ್ಜೆ ಹಾಕಿ ತೋರಿಸಲಾರದೆ ಹೋದೆವು.

ಹಾಗೆಂದು ನಾವು ಗೆಜ್ಜೆಯನ್ನು ಕಾಣದವರಲ್ಲ. ನಮ್ಮ ದೊಡ್ಡಪ್ಪನವರು ಊರಿನ ತಾಳಮದ್ದಳೆಗಳಲ್ಲಿ ಅರ್ಥ ಹೇಳುತ್ತಿದ್ದರು. ನಮಗೆ ಎಂಟೊಂಬತ್ತು ವರ್ಷವಾದಾಗ ಮನೆಯಂಗಳದಲ್ಲಿ, ಅಡಿಕೆ ಒಣಗಿಸಲು ಹರಡಿದ ಜಾಗವನ್ನು ಬಿಟ್ಟು ಮಿಕ್ಕ ಒಂದು ಮೂಲೆಯಲ್ಲಿ, ಅವರು ಏಕತಾಳಕ್ಕೆ ಕೆಲವು ಹೆಜ್ಜೆಗಳನ್ನು ಕಲಿಸಿದ್ದರು. ಹನ್ನೊಂದು ತುಂಬಿದ ಮೇಲೆ ಅಜ್ಜಿ, “ಇನ್ನು ಸಾಕು, ಅದು ಗಂಡುಮಕ್ಕಳ ವಿದ್ಯೆ” ಎಂದರು. ಅಜ್ಜಿಗೆ ಆಟದ ಮೇಲೆ ದ್ವೇಷವಿರಲಿಲ್ಲ. ಆಟ ಇದ್ದ ರಾತ್ರಿ ಚಾಪೆ ಸುತ್ತಿಕೊಂಡು ಮೊದಲು ಹೊರಡುವವರು ಅವರೇ. ಕಾಲವೇ ಹಾಗಿತ್ತು. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು (1947–2024) ಮದುವೆಯಾದ ಮೇಲೆ ಪತಿಯಿಂದ ಯಕ್ಷಗಾನದ ಹಾಡುಗಾರಿಕೆಯನ್ನು ಕಲಿತು, ಗಂಡಸರೇ ತುಂಬಿದ್ದ ಮೇಳಗಳಲ್ಲಿ ಭಾಗವತರ ಪೀಠದಲ್ಲಿ ಕುಳಿತು ಆಟವಾಡಿಸಿದ ಸಂಗತಿ ಆಗಲೂ ನಡೆಯುತ್ತಲೇ ಇತ್ತು. ಆದರೆ ಅದು ನಮ್ಮ ಅಂಗಳದವರೆಗೆ ಬಂದು ಮುಟ್ಟಲಿಲ್ಲ. ಹೀಗಾಗಿ ನಮ್ಮ ವಿದ್ಯೆ ಏಕತಾಳದಲ್ಲೇ ನಿಂತಿತು. ಏನೂ ಅರಿಯದವರೆಂದು ಹೇಳುವಂತಿಲ್ಲ, ಅರಿತವರೆಂದು ಹೇಳಿದರೆ ಸುಳ್ಳಾಗುತ್ತದೆ. ಶಿಬಿರಗಳಲ್ಲಿ ಇಂಥವರ ಪಾಡು ಏನೂ ಅರಿಯದವರದಕ್ಕಿಂತ ಕಷ್ಟ.

ಶಿಬಿರದ ಕಾಲವನ್ನು ಹೇಳಬೇಕು, ಏಕೆಂದರೆ ಅದರಲ್ಲಿ ಒಂದು ಲೆಕ್ಕಾಚಾರವಿದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಮೇ 24ರ ಸುಮಾರಿಗೆ ಬರುತ್ತದೆ. ಅಂದು ಮೇಳಗಳವರು ಗೆಜ್ಜೆ ಬಿಚ್ಚಿದರೆ ಮುಂದೆ ದೀಪಾವಳಿ ಕಳೆಯುವ ತನಕ ತಿರುಗಾಟವಿಲ್ಲ. ಇತ್ತ ನಮ್ಮ ಶಾಲೆಗಳು ಬಾಗಿಲು ತೆರೆಯುವುದು ಜೂನ್ ಮೊದಲಲ್ಲಿ. ಕಲಾವಿದರಿಗೂ ಮಕ್ಕಳಿಗೂ ಒಟ್ಟಿಗೆ ಬಿಡುವಾಗುವುದು ನಡುವಣ ಆ ಒಂದು ವಾರ ಮಾತ್ರ. ಮೊದಲ ಮಳೆ ಬಂದು ಹೋಗುತ್ತಿರುತ್ತದೆ, ಹಲಸಿನ ಹಣ್ಣಿನ ವಾಸನೆ ಎಲ್ಲೆಲ್ಲೂ ಇರುತ್ತದೆ; ಆ ವಾರದಲ್ಲಿ ದೇವಸ್ಥಾನವೊಂದರ ಊಟದ ಚಪ್ಪರದಲ್ಲಿ ಶಿಬಿರ ನಡೆಯಿತು.

ಮೊದಲ ದಿನ ಬೆಳಿಗ್ಗೆ ಚಪ್ಪರದ ಹೊರಗೆ ಚಪ್ಪಲಿ ಬಿಡುವಾಗ ನಮಗೆ ಮರಳಿ ಹೋಗಿಬಿಡೋಣವೆನಿಸಿದ್ದುಂಟು. ಒಳಗೆ ಇಪ್ಪತ್ತಕ್ಕೂ ಮಿಕ್ಕಿ ಜನ. ಹೆಚ್ಚಿನವರು ಹತ್ತು ಹನ್ನೆರಡರ ಮಕ್ಕಳು. ದೊಡ್ಡವರೆಂದರೆ ಕೊಲ್ಲಿ ದೇಶದಿಂದ ರಜೆಯಲ್ಲಿ ಬಂದಿದ್ದ ಒಬ್ಬರು, ಸಹಕಾರಿ ಬ್ಯಾಂಕಿನ ಗುಮಾಸ್ತೆಯೊಬ್ಬರು, ಮತ್ತೆ ನಾವು. ಮಕ್ಕಳಲ್ಲಿ ಇಬ್ಬರು ನಮ್ಮ ಶಾಲೆಯವರೇ. ತರಗತಿಯಲ್ಲಿ ಬೆತ್ತವಿಲ್ಲದೆ ಹೆದರಿಸಿದ ಟೀಚರು ಸೀರೆಯ ಸೆರಗನ್ನು ಬಿಗಿದು ಕಟ್ಟಿ ತಮ್ಮ ಪಂಕ್ತಿಯ ಕೊನೆಯಲ್ಲಿ ನಿಲ್ಲುವುದನ್ನು ಕಂಡು ಅವರಿಗೆ ಎಲ್ಲಿಲ್ಲದ ಆನಂದ.

ಗುರುಗಳು ಮೇಳದಲ್ಲಿ ಬಹುಕಾಲ ತಿರುಗಾಟ ಮಾಡಿದ ವೇಷಧಾರಿಗಳು. ವಯಸ್ಸು ಎಪ್ಪತ್ತರ ಹತ್ತಿರ. ಅವರು ನಮ್ಮನ್ನು ನೋಡಿ, “ಟೀಚರೇ, ಕೊನೆಯಲ್ಲಿ ಎಂತಕ್ಕೆ ನಿಂತದ್ದು? ಕೊನೆಯಲ್ಲಿ ನಿಂತವರಿಗೆ ನನ್ನ ಕಾಲು ಕಾಣುವುದಿಲ್ಲ, ಮುಂದೆ ಬನ್ನಿ” ಎಂದರು. ಅಷ್ಟೇ ಸ್ವಾಗತ ಭಾಷಣ. ನಮ್ಮ ವಯಸ್ಸನ್ನು ಕೇಳಲಿಲ್ಲ, ಮೊದಲು ಕಲಿತದ್ದುಂಟೋ ಎಂದು ವಿಚಾರಿಸಲಿಲ್ಲ. ಮುಂದಿನ ಸಾಲಿನಲ್ಲಿ, ಹನ್ನೊಂದು ವರ್ಷದ ಒಂದು ಹುಡುಗಿಯ ಪಕ್ಕದಲ್ಲಿ ನಮ್ಮ ಸ್ಥಾನ ನಿಶ್ಚಯವಾಯಿತು. ಆ ಹುಡುಗಿಯ ವಿಷಯವನ್ನು ಮುಂದೆ ಹೇಳುತ್ತೇವೆ.

ಮೊದಲ ದಿನವೆಲ್ಲ ನಿಲ್ಲುವುದೇ ಪಾಠ. ಪಾದಗಳನ್ನು ಅಗಲಿಸಿ, ಮಂಡಿಯನ್ನು ಸ್ವಲ್ಪ ಬಾಗಿಸಿ, ಬೆನ್ನನ್ನು ನೆಟ್ಟಗಿರಿಸಿ ನಿಲ್ಲುವುದು. ಇದು ಹೇಳುವುದಕ್ಕೆ ಸುಲಭ. ಇಪ್ಪತ್ತು ವರ್ಷ ಮೇಜಿಗೆ ಒರಗಿ ಪಾಠ ಹೇಳಿದ ದೇಹಕ್ಕೆ ನೆಟ್ಟಗೆ ನಿಲ್ಲುವುದೆಂದರೇನೆಂಬುದೇ ಮರೆತುಹೋಗಿರುತ್ತದೆ. ಗುರುಗಳು ಗೋಣಿಚೀಲದಿಂದ ಗೆಜ್ಜೆಗಳನ್ನು ತೆಗೆದು ಹಂಚಿದರು. ನಮಗೆ ಬಂದ ಜೋಡಿಯ ದಾರ ಹಳೆಯದು. ಮಧ್ಯಾಹ್ನದ ಹೊತ್ತಿಗೆ ಒಂದು ಕಾಲಿನದು ಸಡಿಲಿ ಜಾರಿ, ಕಾಲಿಗೆ ತೊಡರಿ, ನಾವು ಬಲಗಡೆಗೆ ತಿರುಗಬೇಕಾದಲ್ಲಿ ಎಡಗಡೆಗೆ ತಿರುಗಿ ಗುಮಾಸ್ತೆಯವರಿಗೆ ಡಿಕ್ಕಿ ಹೊಡೆದು ಇಬ್ಬರೂ ನೆಲಕ್ಕೆ ಕೂತೆವು. ಚೆಂಡೆ ನಿಂತಿತು. ನಮ್ಮ ಶಾಲೆಯ ಮಕ್ಕಳಿಬ್ಬರೂ ಬಾಯಿಗೆ ಕೈಯಿಟ್ಟುಕೊಂಡು ನಮ್ಮ ಮುಖವನ್ನು ನೋಡಿದರು. ನಗಬಹುದೋ ಬಾರದೋ ಎಂದು ಅವರಿಗೆ ತಿಳಿಯದು. ಗುರುಗಳು ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, ತಾವೇ ಆ ದಾರವನ್ನು ಬಿಚ್ಚಿ, ನಮ್ಮ ಕಾಲಿಗೆ ಹೊಸದಾಗಿ ಕಟ್ಟಿದರು. ನಾವು ನಾಚಿ ಕಾಲು ಹಿಂದಕ್ಕೆ ಎಳೆದುಕೊಳ್ಳಹೋದರೆ, “ಗೆಜ್ಜೆ ಕಟ್ಟುವುದೂ ಪಾಠವೇ. ನೋಡಿ ಕಲಿತುಕೊಳ್ಳಿ. ಚೌಕಿಯಲ್ಲಿ ದೊಡ್ಡ ಕಿರೀಟದವರಿಗೂ ಇನ್ನೊಬ್ಬ ಕಟ್ಟಿಕೊಡಬೇಕಾಗುತ್ತದೆ” ಎಂದರು. ಬಳಿಕ ಚೆಂಡೆಯವರ ಕಡೆಗೆ ತಿರುಗಿ, “ಮೊದಲಿನಿಂದ” ಎಂದರು.

ನಾವು ಶಾಲೆಯಲ್ಲಿ ತಪ್ಪು ಓದಿದ ಮಕ್ಕಳಿಗೆ ‘ಮೊದಲಿನಿಂದ’ ಎಂದು ಹೇಳುವಾಗ ನಮ್ಮ ಧ್ವನಿ ಹಾಗಿರುವುದಿಲ್ಲ.

ಎರಡನೆಯ ದಿನ ಸ್ವಲ್ಪ ಇತಿಹಾಸದ ಮಾತು ಬಂತು. ಪಾರ್ತಿಸುಬ್ಬನು ಕುಂಬಳೆಯವನೆಂಬುದೂ, ತೆಂಕುತಿಟ್ಟಿನ ರಾಮಾಯಣ ಪ್ರಸಂಗಗಳು ಅವನ ಹೆಸರಿನಲ್ಲಿ ನಡೆದುಬಂದಿವೆಯೆಂಬುದೂ ತಮಗೆಲ್ಲ ತಿಳಿದ ವಿಷಯ. ಆ ಪ್ರಸಂಗಗಳ ಕರ್ತೃತ್ವದ ಕುರಿತು ವಿದ್ವಾಂಸರಲ್ಲಿ ದೊಡ್ಡ ವಾದವೇ ನಡೆಯಿತು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಶಿವರಾಮ ಕಾರಂತರು ಸಂಶಯ ಪಟ್ಟವರ ಪಕ್ಷ; ಕುಕ್ಕಿಲ ಕೃಷ್ಣ ಭಟ್ಟರು ಸುಬ್ಬನ ಪಕ್ಷವನ್ನು ಬಲವಾಗಿ ಹಿಡಿದವರು. ಮಲೆಯಾಳದ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ನಮ್ಮ ರಾಮಾಯಣ ಪ್ರಸಂಗಗಳಿಗೂ ಇರುವ ಹೋಲಿಕೆಯನ್ನು ಕಂಡು, ಯಾರಿಂದ ಯಾರು ಪಡೆದರೆಂದೂ ಚರ್ಚೆ ನಡೆದಿದೆ. ಇದನ್ನೆಲ್ಲ ನಾವು ಉತ್ಸಾಹದಿಂದ ಗುರುಗಳ ಮುಂದೆ ಹೇಳಿದೆವು. ನಮ್ಮ ಕಾಲು ಸೋತ ಮಾನವನ್ನು ಬಾಯಿಯಿಂದ ಉಳಿಸಿಕೊಳ್ಳುವ ಹಂಚಿಕೆಯೂ ಅದರಲ್ಲಿತ್ತೆಂದು ಒಪ್ಪಿಕೊಳ್ಳುತ್ತೇವೆ. ಅವರು ಎಲೆಯಡಿಕೆ ಮೆಲ್ಲುತ್ತ ಪೂರ್ತಿಯಾಗಿ ಕೇಳಿದರು. ಆಮೇಲೆ ಮೂಲೆಯಲ್ಲಿದ್ದ ಚೆಂಡೆಯನ್ನು ತೋರಿಸಿ, “ಇದು ಅವರಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ಯಾರದ್ದೆಂದು ಅದಕ್ಕೆ ಗೊತ್ತಿಲ್ಲ. ಪೆಟ್ಟು ಸರಿಯಾಗಿ ಬಿದ್ದರೆ ಮಾತಾಡುತ್ತದೆ” ಎಂದರು. ವಿದ್ವಾಂಸರ ವಾದವನ್ನು ಅವರು ಹಗುರವಾಗಿ ಕಂಡರೆಂದು ಭಾವಿಸಬಾರದು. ಕುಕ್ಕಿಲದವರ ಹೆಸರು ಬಂದಾಗ ಕೈ ಮುಗಿದರು. ನಮ್ಮ ಈ ಸೀಮೆಯಲ್ಲಿ ಪಾಂಡಿತ್ಯಕ್ಕೂ ಆಟಕ್ಕೂ ನಡುವೆ ಗೋಡೆಯಿರಲಿಲ್ಲ. 1973ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಜತೆಗೆ ದೇಶದ ತುಂಬ ಹೆಸರಾದ ಎಡನೀರಿನ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು, ತಾವೇ ಜಾಗಟೆ ಹಿಡಿದು ಯಕ್ಷಗಾನದ ಪದ ಹಾಡುತ್ತಿದ್ದರು. 2020ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ತೀರ್ಪಿನ ವಿಷಯವನ್ನೇ ದೊಡ್ಡದಾಗಿ ಬರೆದವು. ಇಲ್ಲಿಯ ಜನರು ಪದಗಳನ್ನೂ ನೆನೆದರು.

ಇನ್ನು, ನಾವು ಮುಖ್ಯವಾಗಿ ಹೇಳಬೇಕೆಂದು ಬಂದ ಸಂಗತಿ ಮೂರನೆಯ ದಿನದ್ದು.

ಅಂದು ತ್ರಿವುಡೆ ತಾಳದ ಹೆಜ್ಜೆ. ಏಕತಾಳ ನಾಲ್ಕರದು, ಬಾಲ್ಯದ ನೆನಪು ಕಾಲಿನಲ್ಲಿ ಎಲ್ಲೋ ಉಳಿದಿದ್ದುದರಿಂದ ಅದು ಹೇಗೋ ಸಾಗಿತ್ತು. ತ್ರಿವುಡೆ ಏಳರದು. ನಾಲ್ಕಕ್ಕೆ ಒಗ್ಗಿದ ಕಾಲು ಏಳನ್ನು ಒಪ್ಪುವುದಿಲ್ಲ. ಒಂದು ಹೆಜ್ಜೆಯನ್ನು ಕದ್ದು ಆರು ಮಾಡುತ್ತದೆ, ಇಲ್ಲವೇ ಒಂದನ್ನು ಸೇರಿಸಿ ಎಂಟು ಮಾಡುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ತಪ್ಪಿದೆವು. ಕೊಲ್ಲಿಯವರು ಬೆರಳು ಮಡಚಿ ಎಣಿಸಿದರು, ಅವರಿಗೂ ಆಗಲಿಲ್ಲ. ಆಗ ಗುರುಗಳು ಚೆಂಡೆಯನ್ನು ನಿಲ್ಲಿಸಿ, ಕೈತಟ್ಟುತ್ತ ಬಾಯಿತಾಳ ಹೇಳಿದರು: ತಕಿಟ, ತಕಧಿಮಿ, ತಕಿಟ, ತಕಧಿಮಿ. ಮೂರು, ನಾಲ್ಕು, ಮೂರು, ನಾಲ್ಕು.

ಮಹನೀಯರೇ, ಆ ಕ್ಷಣದಲ್ಲಿ ನಮಗೆ ಏನಾಯಿತೆಂಬುದನ್ನು ವಿವರಿಸಲು ಸ್ವಲ್ಪ ಛಂದಸ್ಸನ್ನು ತರಬೇಕಾಗುತ್ತದೆ, ಕ್ಷಮಿಸಬೇಕು. ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುವುದು ಭಾಮಿನಿ ಷಟ್ಪದಿಯ ಲಕ್ಷಣ. ಕುಮಾರವ್ಯಾಸನ ಭಾರತವೆಲ್ಲ ನಡೆದುದು ಆ ನಡಿಗೆಯಲ್ಲಿ. ಮೊದಲ ಪಾದದಲ್ಲಿ ಮೂರು ನಾಲ್ಕು ಮೂರು ನಾಲ್ಕು, ಒಟ್ಟು ಹದಿನಾಲ್ಕು ಮಾತ್ರೆ. ಮೂರನೆಯ ಮತ್ತು ಆರನೆಯ ಪಾದಗಳಲ್ಲಿ ಅದೇ ಗಣಗಳು ಮೂರು ಸಲ ಬಂದು ಮೇಲೊಂದು ಗುರು, ಒಟ್ಟು ಇಪ್ಪತ್ತಮೂರು. ಇದನ್ನು ನಾವು ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಗೀಟು ಹಾಕಿ ಬೇರ್ಪಡಿಸಿ ತೋರಿಸಿದ್ದೇವೆ. ಅಂಕಕ್ಕಾಗಿ ಮಕ್ಕಳು ಗೀಟು ಹಾಕಿದ್ದಾರೆ. ಆದರೆ ಮೂರರ ಬೆನ್ನಿಗೆ ನಾಲ್ಕು ಬಂದಾಗ ಮೈ ಸ್ವಲ್ಪ ಮುಂದಕ್ಕೆ ಒಲೆಯುತ್ತದೆಯೆಂಬುದು, ಮೂರರಲ್ಲಿ ಎತ್ತಿದ ಕಾಲನ್ನು ನಾಲ್ಕರಲ್ಲಿ ಇಳಿಸುವ ವ್ಯವಧಾನವಿದೆಯೆಂಬುದು, ಆ ಒಂದು ಹೆಚ್ಚಿನ ಮಾತ್ರೆಯೇ ಮುಂದಿನ ಮೂರಕ್ಕೆ ತಳ್ಳುತ್ತದೆಯೆಂಬುದು ನಮಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನ ನಮ್ಮ ಹಿಮ್ಮಡಿಗೆ ಗೊತ್ತಾಯಿತು. ಎಣಿಕೆಯನ್ನು ಬಿಟ್ಟು ಮನಸ್ಸಿನಲ್ಲಿ ಒಂದು ಭಾಮಿನಿಯನ್ನು ಓದಿಕೊಂಡೆವು. ಕಾಲು ತಾನಾಗಿ ಬಿತ್ತು. ಇಡೀ ಚಪ್ಪರವನ್ನು ಒಂದು ಸುತ್ತು ತಪ್ಪದೆ ಸುತ್ತಿ ಬಂದೆವು. ಎರಡನೆಯ ಸುತ್ತಿನಲ್ಲಿ ಹೆಮ್ಮೆಯುಂಟಾಗಿ ತಪ್ಪಿತು, ಅದು ಬೇರೆ.

ವಿಷಯ ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಆಟದಲ್ಲಿ ಭಾಮಿನಿ, ವಾರ್ಧಕಗಳನ್ನು ಭಾಗವತರು ಸಾಮಾನ್ಯವಾಗಿ ತಾಳವಿಲ್ಲದೆ, ರಾಗವಾಗಿಯೇ ಹಾಡುತ್ತಾರೆ, ಅದಕ್ಕೆ ಕುಣಿತವಿಲ್ಲ. ನಿಜ. ಇದನ್ನು ನಾವು ಗುರುಗಳಲ್ಲಿಯೂ ಕೇಳಿದೆವು. “ತಾಳ ಕೈಯಲ್ಲಿ ಇಲ್ಲ ಅಷ್ಟೇ. ಒಳಗೆ ಇಲ್ಲವೆಂದು ಯಾರು ಹೇಳಿದರು?” ಎಂದರು. ಛಂದಶ್ಶಾಸ್ತ್ರದ ಯಾವ ಗ್ರಂಥದಲ್ಲಿಯೂ ಇಷ್ಟು ಚೊಕ್ಕವಾದ ಸಮಾಧಾನವನ್ನು ನಾವು ಓದಿಲ್ಲ. ಅಂದು ರಾತ್ರಿ ಮನೆಯಲ್ಲಿ ಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂತು, ಶರ ಷಟ್ಪದಿಯ ನಾಲ್ಕು, ಕುಸುಮದ ಐದು, ಭೋಗದ ಮೂರು ಇವನ್ನೆಲ್ಲ ನೆಲದ ಮೇಲೆ ಹಿಮ್ಮಡಿಯಿಂದ ತಟ್ಟಿ ನೋಡಿದೆವು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ, ಎಣ್ಣೆಯ ಬಾಟಲಿಯ ಮುಚ್ಚಳ ಹಾಕಿಟ್ಟು ಹೋದರು.

ನಾಲ್ಕನೆಯ ದಿನ ಮಾತುಗಾರಿಕೆ. ಇಲ್ಲಿಯಾದರೂ ನಾವು ಗೆಲ್ಲುವೆವೆಂಬ ಧೈರ್ಯವಿತ್ತು. ಯಕ್ಷಗಾನದ ಅರ್ಥವೆಂದರೆ ಬರೆದಿಟ್ಟ ಸಂಭಾಷಣೆಯಲ್ಲ. ಪದದ ಭಾವವನ್ನು ಹಿಡಿದು ಪಾತ್ರಧಾರಿ ಅಲ್ಲಿಯೇ ಮಾತನ್ನು ಹೆಣೆಯಬೇಕು. ಇಂಗ್ಲಿಷಿನ ಒಂದು ಶಬ್ದವೂ ಬರಬಾರದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿಯೋ ರಾವಣನಾಗಿಯೋ ಕುಳಿತರೆ ಜನರು ಮಾತಿಗಾಗಿಯೇ ರಾತ್ರಿಯಿಡೀ ಎಚ್ಚರವಿರುತ್ತಿದ್ದ ಸೀಮೆಯಿದು. ನಮಗೆ ಅಶೋಕವನದ ಸೀತೆಯ ಮಾತು ಬಂತು. ಎದುರಿಗೆ ರಾವಣನಾಗಿ ಗುಮಾಸ್ತೆಯವರು. ಸಮಾಸಗಳನ್ನು ಪೋಣಿಸಿ, ಉಪಮೆಗಳನ್ನು ಸೇರಿಸಿ ಐದು ನಿಮಿಷ ನಿರರ್ಗಳವಾಗಿ ಮಾತಾಡಿದೆವು. ಮುಗಿದ ಮೇಲೆ ಗುರುಗಳು, “ಭಾಷೆ ಬಹಳ ಚೆನ್ನಾಯಿತು ಟೀಚರೇ. ಆದರೆ ನೀವು ರಾವಣನಿಗೆ ಹೇಳಲಿಲ್ಲ, ತರಗತಿಗೆ ಹೇಳಿದಿರಿ. ಅವನು ಹತ್ತಿರ ಬರುತ್ತಾ ಇದ್ದಾನೆ, ನೀವು ಹೆದರಲೂ ಇಲ್ಲ, ಸಿಟ್ಟಾಗಲೂ ಇಲ್ಲ” ಎಂದರು. ಮಾತು ಮೆತ್ತಗೆಯೇ ಇತ್ತು. ನಮಗೆ ಮಾತ್ರ ಆ ಮಧ್ಯಾಹ್ನ ಊಟ ಸೇರಲಿಲ್ಲ. ಕನ್ನಡವನ್ನು ನಾವು ಯಾರಿಗೆ ಹೇಳುತ್ತಿದ್ದೇವೆ, ಅವರು ಹತ್ತಿರ ಬರುತ್ತಿದ್ದಾರೆಯೇ ದೂರ ಹೋಗುತ್ತಿದ್ದಾರೆಯೇ ಎಂದು ಮುಖ ನೋಡಿ ಹೇಳಿದ್ದು ಎಷ್ಟು ದಿನ?

ನಮ್ಮ ಬಳಿಕ, ಪಕ್ಕದಲ್ಲಿ ನಿಲ್ಲುತ್ತಿದ್ದ ಆ ಹನ್ನೊಂದರ ಹುಡುಗಿಯ ಸರದಿ. ಕೃಷ್ಣನ ನಾಲ್ಕು ಮಾತು. ಸೊಂಟಕ್ಕೆ ಕೈಯಿಟ್ಟು, ಕತ್ತು ಓರೆಮಾಡಿ, ಗುಮಾಸ್ತೆಯವರನ್ನು ನೇರವಾಗಿ ನೋಡಿ ಹೇಳಿದಳು; ಒಂದು ಅಲ್ಪಪ್ರಾಣ ಮಹಾಪ್ರಾಣ ತಪ್ಪಲಿಲ್ಲ. ನಮಗೆ ಸಂತೋಷ ತಡೆಯದೆ, ಯಾವ ಶಾಲೆ, ಕನ್ನಡ ಕಲಿಸಿದವರು ಯಾರೆಂದು ಕೇಳಿದೆವು. ಅವಳು ಮಲೆಯಾಳ ಮಾಧ್ಯಮದವಳು. ಮನೆಯ ಮಾತೂ ಮಲೆಯಾಳವೇ. ಕನ್ನಡದ ಅಕ್ಷರಗಳು ಬಾರವು. ಕೈಯಲ್ಲಿದ್ದ ಪುಸ್ತಕವನ್ನು ತೋರಿಸಿದಳು: ಗುರುಗಳು ಹೇಳಿದ ಕನ್ನಡದ ಮಾತುಗಳನ್ನೆಲ್ಲ ಮಲೆಯಾಳ ಲಿಪಿಯಲ್ಲಿ ಗುಂಡಗೆ ಬರೆದುಕೊಂಡಿದ್ದಾಳೆ. ಆಟ ನೋಡಿ ನೋಡಿ ಬಂದ ಭಾಷೆ ಅದು. ನಮ್ಮ ಶಾಲೆಯ ಇಬ್ಬರು ಮಕ್ಕಳು ಆ ಪುಸ್ತಕವನ್ನು ಇಣುಕಿ ನೋಡಿದರು. ಅವರಿಗೂ ಮಲೆಯಾಳದ ಅಕ್ಷರ ಓದಲು ಬರುತ್ತದೆಯಾದುದರಿಂದ, ತಮ್ಮ ಮಾತನ್ನು ಬೇರೆ ಅಂಗಿಯಲ್ಲಿ ಕಂಡಂತೆ ಗಟ್ಟಿಯಾಗಿ ಓದಿ ನಕ್ಕರು. ಅವಳೂ ನಕ್ಕಳು. ನಾವು ಮಾತ್ರ ನಗಲಾರದೆ ಆ ಪುಟಗಳನ್ನು ಬಹಳ ಹೊತ್ತು ತಿರುವಿದೆವು.

ಐದನೆಯ ದಿನ ಸಂಜೆ ಪ್ರದರ್ಶನ. ಹಿಂದಿನ ಕಾಲದಲ್ಲಿ ಮೇಳಕ್ಕೆ ಸೇರಿದ ಹುಡುಗರು ಪೂರ್ವರಂಗದ ಕೋಡಂಗಿ ವೇಷದಿಂದ ತೊಡಗಿ, ಬಾಲಗೋಪಾಲರಾಗಿ, ಮೆಟ್ಟಲು ಮೆಟ್ಟಲಾಗಿ ಮೇಲೇರುತ್ತಿದ್ದರು. ಕೋಡಂಗಿಗೆ ಕಿರೀಟವಿಲ್ಲ, ಆಡಂಬರವಿಲ್ಲ. ರಂಗಸ್ಥಳದ ಹೆದರಿಕೆ ಬಿಡಿಸುವುದೇ ಅದರ ಪ್ರಯೋಜನ. ಮಕ್ಕಳಿಗೆ ಬಾಲಗೋಪಾಲ ವೇಷ, ದೊಡ್ಡವರಾದ ನಮಗೆ ಮೂವರಿಗೆ ಕೋಡಂಗಿ. ಸಭೆಯಲ್ಲಿ ನಮ್ಮ ಮುಖ್ಯೋಪಾಧ್ಯಾಯರೂ, ಹಿಂದಿನ ಸಾಲಿನಲ್ಲಿ ನಮ್ಮ ಕೆಲವು ಹಳೆಯ ವಿದ್ಯಾರ್ಥಿಗಳೂ ಇದ್ದರು. ರಂಗಸ್ಥಳಕ್ಕೆ ಬರುವ ಮೊದಲು ನಮ್ಮ ಕೈ ಬೆವರಿತ್ತು. ಗುರುಗಳು ಭಾಗವತರ ಪಕ್ಕದಲ್ಲಿ ಕೂತು ನಮ್ಮ ಕಡೆ ನೋಡಿ ತುಟಿಯಲ್ಲೇ ಬಾಯಿತಾಳ ಹೇಳುತ್ತಿದ್ದುದು ಕಾಣುತ್ತಿತ್ತು. ಏಕತಾಳ ನಡೆಯಿತು. ತ್ರಿವುಡೆಯಲ್ಲಿ ಕೊಲ್ಲಿಯವರು ಒಂದು ಹೆಜ್ಜೆ ಮುಂದೆ ಹೋದರು, ನಾವು ಒಂದು ಹೆಜ್ಜೆ ಹಿಂದೆ ಉಳಿದೆವು, ಗುಮಾಸ್ತೆಯವರೊಬ್ಬರೇ ಸರಿಯಾಗಿದ್ದರು. ಸಭೆಯಲ್ಲಿ ಕೆಲವರು ನಕ್ಕರು. ಬಾಲಗೋಪಾಲರ ಸಾಲಿನಲ್ಲಿ ಕಾಯುತ್ತಿದ್ದ ಹುಡುಗಿ ಮಾತ್ರ ನಗದೆ, ನಮಗೆ ಕಾಣುವಂತೆ ತನ್ನ ಬಲಗಾಲನ್ನು ಎತ್ತಿ ಇಳಿಸಿ ತೋರಿಸಿದಳು. ಅದನ್ನು ನೋಡಿಕೊಂಡು ನಾವು ತಾಳ ಹಿಡಿದೆವು.

ಪ್ರದರ್ಶನ ಮುಗಿದ ಮೇಲೆ ಅವಳ ತಾಯಿ ಬಂದು, ಮಗಳಿಗೆ ಕನ್ನಡದ ಅಕ್ಷರ ಕಲಿಸಬಹುದೇ ಎಂದು ಮಲೆಯಾಳದಲ್ಲಿ ಕೇಳಿದರು. ಪ್ರಸಂಗದ ಪುಸ್ತಕವನ್ನು ಅವಳು ತಾನೇ ಓದಬೇಕಂತೆ. ಜೂನ್ ತಿಂಗಳಿನಿಂದ ಶನಿವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಪಾಠ ನಡೆಯುತ್ತಿದೆ. ಮೊದಲ ಒಂದು ಗಂಟೆ ನಾವು ಗುರು, ಅವಳು ಶಿಷ್ಯೆ. ಬಳಿಕ ಗೆಜ್ಜೆ ಕಟ್ಟಿದ ಮೇಲೆ ಅವಳು ಗುರು. ನಮ್ಮ ಶಾಲೆಯ ಮಕ್ಕಳಿಬ್ಬರೂ ಬರುತ್ತಾರೆ. ಎರಡು ವಾರದ ಹಿಂದೆ, ವರ್ಗಾವಣೆ ಪತ್ರ ಪಡೆದು ಹೋದ ಆ ಹುಡುಗ ಸೈಕಲನ್ನು ಗೇಟಿಗೆ ಒರಗಿಸಿ, ಒಳಗೆ ಬರದೆ, ಅಲ್ಲಿಯೇ ನಿಂತು ನೋಡುತ್ತಿದ್ದ. ನಾವು ಕರೆಯಲಿಲ್ಲ. ಅವನು ಹಿಂದೆ ಕೇಳಿದ್ದ ಪದವನ್ನೇ ಎತ್ತಿಕೊಂಡು ಕುಣಿದೆವು. ಕಳೆದ ಶನಿವಾರ ಅವನು ಜಗಲಿಯ ಮೆಟ್ಟಿಲಲ್ಲಿ ಕೂತಿದ್ದ.

ಹುಡುಗಿ ಒತ್ತಕ್ಷರಗಳಲ್ಲಿ ಇನ್ನೂ ಸ್ವಲ್ಪ ತಪ್ಪುತ್ತಾಳೆ. ಮಲೆಯಾಳದಲ್ಲಿ ರಕಾರದ ಒತ್ತನ್ನು ಅಕ್ಷರಕ್ಕೆ ಮೊದಲೇ ಬರೆಯುವ ರೂಢಿಯಿರುವುದರಿಂದ ‘ತ್ರಿವುಡೆ’ ಎಂದು ಬರೆಯುವಾಗ ಅವಳ ಕೈ ಎಡಗಡೆಗೆ ಹೋಗುತ್ತದೆ. ತ್ರಿವುಡೆ ಕುಣಿಯುವಾಗ ನಮ್ಮ ಕಾಲೂ ಎಡಗಡೆಗೇ ಹೋಗುತ್ತದೆ. “ಮೊದಲಿನಿಂದ, ಟೀಚರ್” ಎನ್ನುತ್ತಾಳೆ.